ಕಲ್ಲಿನ ಕಂಕಣ, ಕೈಯ ಕಂಕಣ

"ಗುಡ್ಡಾ ಕಟ್ಟೈತೋ... ಕೊಡ್ಲಿ ಒಳಗಿಡ್ರೋ... ಕುರಿ ಹೊಳ್ಳಿಸ್ರೋ..."

ಮಳೆಗಾಲದ ಸಂಜೆಗಳಲ್ಲಿ ಕೇಳುತ್ತಿದ್ದ ಕೂಗು ಇದು. 'ಗುಡ್ಡಾ' ಎಂಬುದನ್ನು ಎಷ್ಟು ಉದ್ದ ಎಳೆಯುತ್ತಿದ್ದರೆಂದರೆ, ಅದು ಮುಗಿದು 'ಕಟ್ಟೈತೋ' ಬರುವಷ್ಟರಲ್ಲಿ ನನ್ನ ತಾಯಿ ಲಾಟೀನಿನ ಗಾಜು ಒರೆಸಿ, ಬತ್ತಿ ಹಚ್ಚಿ, ಮೊಳೆಗೆ ತೂಗುಹಾಕಿ ಕೈ ಮುಗಿಯುತ್ತಿದ್ದಳು. ಮೊದಮೊದಲು ಅದು ಮುದುಕ ಪೂಜಾರಿಯ ದನಿ. ಆಮೇಲೆ ಅವನ ಮಗನದು. ಈ ಮಗ ನನ್ನ ವಾರಿಗೆಯವನು. ಚಿಕ್ಕವರಿದ್ದಾಗ ನಮ್ಮ ಹೊಲದ ಬದುವಿನ ಮೇಲೆ ಇಬ್ಬರೂ ಹಸಿ ಶೇಂಗಾ ಕಿತ್ತು ತಿಂದಿದ್ದೇವೆ. ಅವನಿಗೆ ಒಂದು ಹೆಸರಿತ್ತು, ಆದರೆ ಗುಡ್ಡದ ಪೂಜೆ ಕೈಗೆ ಬಂದ ಮೇಲೆ ಎಲ್ಲರಿಗೂ ಪೂಜಾರಪ್ಪನಾದ. ನನಗೂ.

ಕೊಟ್ಟೂರಿನಿಂದ ಕೂಡ್ಲಿಗಿಯ ಕಡೆ ಹೋಗುವಾಗ ಒಳಕ್ಕೆ ಸಿಗುವ ಒಂದು ಹಳ್ಳಿ ಅದು. ನಮ್ಮ ಮನೆತನದ ವ್ಯಾಪಾರವೆಲ್ಲ ಹಗರಿಬೊಮ್ಮನಹಳ್ಳಿಯಲ್ಲಿ, ಹೊಲವೂ ಹೊಲದ ಮನೆಯೂ ಆ ಊರಲ್ಲಿ, ಮಳೆಗಾಲಕ್ಕೆ ತಾಯಿ ಅಲ್ಲೇ ಇರುತ್ತಿದ್ದಳು. ಹೊಲದ ಹಿಂದೆ ಗುಡ್ಡ. ದೊಡ್ಡದೇನಲ್ಲ, ಕೆಂಪು ಮಣ್ಣು, ಕರಿ ಬಂಡೆ, ಅಲ್ಲಲ್ಲಿ ಕಮರ, ಬೇವು. ಅದರ ನೆತ್ತಿಯ ಮೇಲೆ ಗುಡ್ಡದಯ್ಯ ಎಂಬ ದೇವರು. ಗುಡಿ ಇಲ್ಲ, ಗೋಡೆ ಇಲ್ಲ, ಬಂಡೆಯೊಂದರ ನೆರಳಲ್ಲಿ ಎಣ್ಣೆ ಕುಡಿದು ಕಪ್ಪಾದ ಕಲ್ಲು. ಕುರಿ ಕಾಯುವ ಮನೆಗಳವರಿಗೆ ಅವನೇ ಎಲ್ಲ.

ಕಾರಹುಣ್ಣಿಮೆಯ ದಿನ ಅವರು ಗುಡ್ಡವನ್ನು 'ಕಟ್ಟುತ್ತಿದ್ದರು'. ಕರಿ ಉಣ್ಣೆಯನ್ನು ಹೊಸೆದು ಎರಡು ಕಂಕಣ ಮಾಡುವುದು. ಒಂದನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿದ ಕಲ್ಲಿಗೆ, ಇನ್ನೊಂದನ್ನು ಪೂಜಾರಿಯ ಕೈಗೆ. ಅಂದಿನಿಂದ ದಸರೆಯ ಮಾನೌಮಿಯವರೆಗೆ ಗುಡ್ಡಕ್ಕೆ ಒಂದು ಕುರಿಯೂ ಹತ್ತುವಂತಿಲ್ಲ, ಕೊಡಲಿ ಕುಡುಗೋಲು ಹೋಗುವಂತಿಲ್ಲ. ಪೂಜಾರಿ ಕಾಲಿಗೆ ಚಪ್ಪಲಿ ಹಾಕುವಂತಿಲ್ಲ, ಊರ ಸೀಮೆ ದಾಟುವಂತಿಲ್ಲ. ಮಾನೌಮಿಯ ದಿನ ಮೊದಲ ಹಿಡಿ ಹುಲ್ಲನ್ನು ದೇವರಿಗೆ ಇಟ್ಟು, ಕಲ್ಲಿನ ಕಂಕಣ ಬಿಚ್ಚಿ, ಆಮೇಲೆ ಕೈಯದನ್ನು ಬಿಚ್ಚುವುದು. ಅಷ್ಟರೊಳಗೆ ಹುಲ್ಲು ತೆನೆ ಒಡೆದು ಬೀಜ ಉದುರಿಸಿರುತ್ತಿತ್ತು. ಮುಂದಿನ ವರ್ಷದ ಮೇವು ನೆಲದಲ್ಲಿ ಭದ್ರ. ದಸರಾ ರಜೆಗೆ ಬಂದಾಗ ನಾನು ಈ ಬಿಚ್ಚುವ ಶಾಸ್ತ್ರ ನೋಡಲು ಓಡುತ್ತಿದ್ದೆ. ಸೊಂಟದುದ್ದ ಹುಲ್ಲಿನೊಳಗೆ ಕುರಿಗಳು ನುಗ್ಗಿದರೆ ಹುಲ್ಲು ಮಾತ್ರ ಅಲುಗಾಡುವುದು ಕಾಣುತ್ತಿತ್ತು, ಕುರಿ ಕಾಣುತ್ತಿರಲಿಲ್ಲ.

ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ, ಬೋರ್ಡಿಂಗ್. ಅಲ್ಲಿ ಮಾರಲ್ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಒಬ್ಬರು ಸಂಜೆಯಾದರೆ ಬಿಳಿ ಗೌನಿನ ಅಂಚು ಎತ್ತಿ ಸಿಕ್ಕಿಸಿಕೊಂಡು ಗಿಡಗಳಿಗೆ ನೀರು ಬಿಡುತ್ತಿದ್ದರು. ಭೂಮಿ ನಮ್ಮ ಪ್ರಾಪರ್ಟಿ ಅಲ್ಲ, ನೋಡಿಕೊಳ್ಳಲು ಕೊಟ್ಟಿರುವುದು, ಒಂದು ದಿನ ಹೇಗಿಟ್ಟಿರಿ ಎಂದು ಕೇಳುತ್ತಾರೆ ಎಂದು ಹೇಳುತ್ತಿದ್ದರು. ಯಾರು ಕೇಳುತ್ತಾರೆ ಎಂದು ನಾವು ಕೇಳಲಿಲ್ಲ, ಸಿಸ್ಟರೇ ಕೇಳುತ್ತಾರೆಂದು ಹೆದರಿದ್ದೆವು. ಮನೆಗೆ ಬಂದರೆ ನನ್ನ ತಾಯಿ. ಸೋಮವಾರ ಪತ್ರೆ ಹರಿಯುವ ಮೊದಲು ಗಿಡವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. ಹೊತ್ತು ಮುಳುಗಿದ ಮೇಲೆ ಹೂವಿಗೆ ಕೈ ಚಾಚಿದರೆ, "ಗಿಡ ಮಲಗೈತಿ, ಎಬ್ಬಿಸಬ್ಯಾಡ" ಎಂದು ಕೈಗೆ ಹೊಡೆಯುವಳು. ನಮ್ಮ ಓಣಿಯ ತುದಿಯ ದರ್ಗಾದ ಹಿಂದೆ ಒಂದು ಬೇವಿನ ಮರವಿತ್ತು. ಅದರಿಂದ ಹಲ್ಲುಜ್ಜುವ ಕಡ್ಡಿಯನ್ನು ಕೂಡ ಯಾರೂ ಮುರಿಯುತ್ತಿರಲಿಲ್ಲ, ಯಾವ ಜಾತಿಯವರೂ. ಇವೆಲ್ಲ ನನಗೆ ಒಂದೇ ಟ್ರಂಕಿನಲ್ಲಿ ಮಡಚಿಟ್ಟ ಲೇಸಿನ ಕರ್ಚೀಫುಗಳಂತೆ ಇದ್ದವು. ತೆಗೆದು ನೋಡುವುದು, ಮೂಸುವುದು, ಮತ್ತೆ ಇಡುವುದು.

ಹಡಗಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದ ಮೇಲೆ ಈ ಕರ್ಚೀಫುಗಳನ್ನು ಊರೂರಿಗೆ ತೋರಿಸತೊಡಗಿದೆ. ಹರಪನಹಳ್ಳಿಯಿಂದ, ಕೂಡ್ಲಿಗಿಯಿಂದ ಶಾಲೆಯವರು ಪರಿಸರ ದಿನಕ್ಕೆ ಕರೆಯುತ್ತಿದ್ದರು. ನಮ್ಮ ಹಿರಿಯರು ದೇವರ ಹೆಸರಲ್ಲಿ ನೇಚರ್ ಅನ್ನು ಹೇಗೆ ಕಾಪಾಡಿದರು ಎಂಬುದು ನನ್ನ ಸಬ್ಜೆಕ್ಟು. ಕಟ್ಟಿದ ಗುಡ್ಡದ ಕಥೆ ಹೇಳಿದರೆ ಮಕ್ಕಳು ಪಿಟ್ ಎನ್ನದೆ ಕೇಳುತ್ತಿದ್ದವು. ಒಮ್ಮೆ ಪೂಜಾರಪ್ಪನ ಊರಿನ ಶಾಲೆಯಲ್ಲೇ ಮಾತಾಡಿದೆ. ಅವನೂ ಹಿಂದೆ ಕಂಬಕ್ಕೆ ಒರಗಿ ನಿಂತು ಕೇಳಿದ. ಮುಗಿದ ಮೇಲೆ ಹತ್ತಿರ ಬಂದು, "ಅಕ್ಕಾರ, ಭಾಳ ಚಂದ ಹೇಳಿದ್ರಿ. ಅದು ನಮ್ಮ ಗುಡ್ಡನ ಏನ್ರಿ?" ಎಂದ. ನಾನು ನಕ್ಕೆ. ಅವನೂ ನಕ್ಕ.

ಆ ಹೊತ್ತಿಗಾಗಲೇ ಸುತ್ತಲಿನ ದೇಶ ಬೇರೆಯಾಗಿತ್ತು. ಪಕ್ಕದ ಗುಡ್ಡಗಳ ನೆತ್ತಿ ಕಡಿದು ಗಾಳಿ ಫ್ಯಾನು ನಿಲ್ಲಿಸಿದ್ದರು, ಅವಕ್ಕೆ ಹೋಗುವ ರಸ್ತೆಗಳು ಗುಡ್ಡದ ಮೈಮೇಲೆ ಗೀರಿದಂತೆ ಕಾಣುತ್ತಿದ್ದವು. ಅವು ಕ್ಲೀನ್ ಕರೆಂಟ್ ಕೊಡುತ್ತವೆ, ಅದು ನನಗೆ ಗೊತ್ತು, ನಾನು ಅದನ್ನೂ ಮಕ್ಕಳಿಗೆ ಹೇಳುತ್ತಿದ್ದೆ. ಬೀಳು ಬಿಟ್ಟ ಹೊಲ ಎಂಬುದೇ ಉಳಿಯಲಿಲ್ಲ, ಎಲ್ಲೆಲ್ಲೂ ಮೆಕ್ಕೆಜೋಳ, ಎಲ್ಲೆಲ್ಲೂ ತಂತಿ ಬೇಲಿ. ಕುರಿಗಳಿಗೆ ಉಳಿದದ್ದು ರಸ್ತೆಯ ಅಂಚು. ಮಳೆಗಾಲದಲ್ಲಿ ಆ ಒಂದು ಗುಡ್ಡ ಮಾತ್ರ ಹಸಿರಾಗಿ ನಿಂತಿರುತ್ತಿತ್ತು, ಅದರ ಬುಡದ ದಾರಿಯಲ್ಲಿ ಹೊಟ್ಟೆ ಬೆನ್ನಿಗೆ ಹತ್ತಿದ ಕುರಿಗಳು ಮೂತಿ ಎತ್ತಿ ನೋಡುತ್ತ ಹೋಗುತ್ತಿದ್ದವು. ಇಡೀ ಗುಡ್ಡಕ್ಕೂ ಕುರಿಗಳಿಗೂ ನಡುವೆ ಇದ್ದದ್ದು ಒಂದು ಉಣ್ಣೆಯ ದಾರ, ಒಬ್ಬ ಬರಿಗಾಲಿನ ಮುದುಕ.

ಈಗ್ಗೆ ಕೆಲವು ವರ್ಷದ ಹಿಂದೆ, ಗಣೇಶನ ಹಬ್ಬ ಮುಗಿದ ಮೇಲೆ, ಪೂಜಾರಪ್ಪನ ಮಗಳು ಫೋನ್ ಮಾಡಿದಳು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಗೆ ಕೊಟ್ಟ ಮಗಳು, ಒಬ್ಬಳೇ. ಅಪ್ಪನನ್ನು ನೋಡಲು ಬಂದವಳು ಹಿಂದಿರುಗಿರಲಿಲ್ಲ.

"ಅಕ್ಕೋರ, ಒಂದ್ ಸಲ ಬಂದು ಹೋಗ್ರಿ. ನಮ್ಮಪ್ಪನ ಕಾಲು ಕೆಟ್ಟೈತೆ. ಆಸ್ಪತ್ರೆಗೆ ಬಾ ಅಂದ್ರೆ ಬರಲ್ಲ ಅಂತಾನೆ. ನಿಮ್ಮ ಮಾತಾದ್ರೂ ಕೇಳ್ತಾನೇನೋ."

ಬಾಡಿಗೆ ಕಾರು ಮಾಡಿಕೊಂಡು ಹೋದೆ. ಅವನು ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಎಡಗಾಲು ಚಾಚಿ ಕೂತಿದ್ದ. ಕಾಲಿಗೆ ಹಳೆಯ ಧೋತರದ ಚಿಂದಿ, ಅದರ ಮೇಲೆ ನೊಣ. ಜಾಲಿ ಮುಳ್ಳು ನಟ್ಟಿತ್ತಂತೆ, ಬರಿಗಾಲಲ್ಲಿ ಗುಡ್ಡದ ಬುಡ ಸುತ್ತುವಾಗ. ಸಕ್ಕರೆ ಕಾಯಿಲೆ ಇದ್ದದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ, ಗುಳಿಗೆ ನುಂಗಿದ್ದನ್ನು ನಾನು ನೋಡಿಲ್ಲ. ಮಗಳು ಚಿಂದಿ ಬಿಚ್ಚಿದಳು. ಸೆರಗು ಮೂಗಿಗೆ ಹಿಡಿಯಬಾರದೆಂದು ಕೈಯನ್ನು ಮಡಿಲಲ್ಲಿ ಬಿಗಿ ಹಿಡಿದು ಕೂತೆ. ಹೆಬ್ಬೆರಳೂ ಅದರ ಪಕ್ಕದ್ದೂ ಸುಟ್ಟ ಬದನೆಕಾಯಿಯಂತೆ ಕಪ್ಪಾಗಿದ್ದವು.

ಮೊಬೈಲಿನಲ್ಲಿ ಫೋಟೋ ತೆಗೆದು ನಮ್ಮ ಪರಿಚಯದ ಡಾಕ್ಟರಿಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಮೇಡಂ, ಇವತ್ತೇ ಬಳ್ಳಾರಿಗೆ ಕರ್ಕೊಂಡು ಹೋಗಿ. ಬೆರಳು ಹೋಗ್ತಾವೆ, ಅದರಲ್ಲಿ ಡೌಟ್ ಇಲ್ಲ. ತಡ ಮಾಡಿದ್ರೆ ಕಾಲು. ಇನ್ನೂ ತಡ ಮಾಡಿದ್ರೆ ಮನುಷ್ಯ."

ಪೂಜಾರಪ್ಪ ಗಮನವಿಟ್ಟು ಕೇಳಿದ. "ಛಲೋ ಡಾಕ್ಟರು," ಎಂದ. "ಮಾನೌಮಿ ಮುಗಿಸಿ ಮರುದಿನಾ ಬರ್ತಾನಂತ ಹೇಳ್ರಿ ಅವ್ರಿಗೆ."

"ಮಾನೌಮಿತನಕ ನೀ ಇರ್ತೀಯೇನು?" ಎಂದಳು ಮಗಳು.

"ಇರ್ದೆ ಎಲ್ಲಿ ಹೋಗ್ಲಿ? ಸೀಮಿ ದಾಟೋ ಹಂಗಿಲ್ಲ."

ಎದುರು ಮನೆಯ ಮುದುಕಿ ಬಾಗಿಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ಈ ಮಾತಿಗೆ ಅವಳೇ ಮೊದಲು ನಕ್ಕಿದ್ದು. "ನೋಡವ್ವಾ, ಸಾಯಾಕೂ ಸೀಮಿ ಒಳಗ ಜಾಗ ಹುಡುಕ್ಯಾನ ನಿಮ್ಮಪ್ಪ."

"ನೀ ಸುಮ್ನಿರು ಆಯಿ, ನಗೋ ಮಾತಾ ಇದು?"

"ಅತ್ರ ಕಾಲು ಬೆಳ್ಳಗಾಗತೈತೇನು?" ಎಂದು ಮುದುಕಿ ಉಗುಳಿದಳು.

ವಿಷಯ ಇಷ್ಟು. ಕಂಕಣ ಕೈಯಲ್ಲಿರುವಾಗ ಸೀಮೆ ದಾಟಿದರೆ ವ್ರತ ಮುರಿದಂತೆ. ಬಿಚ್ಚಿಟ್ಟು ಹೋದರೆ ಗುಡ್ಡ ಬಿಚ್ಚಿದಂತೆ. ಹುಲ್ಲು ಇನ್ನೂ ಮೊಣಕಾಲೆತ್ತರ, ತೆನೆ ಒಡೆದಿಲ್ಲ. ಈಗ ಕುರಿ ಹತ್ತಿದರೆ ಬೀಜ ಬೀಳುವುದಿಲ್ಲ, ಮುಂದಿನ ವರ್ಷ ಹುಲ್ಲಿಲ್ಲ. ನಡುವೆ ಮಳೆ ಕೈ ಕೊಟ್ಟ ವರ್ಷ ಬೇರೆ, ಇಡೀ ಊರಿನ ಕುರಿಗಳು ಹಸಿದಿದ್ದವು. ಇನ್ನೊಬ್ಬರ ಕೈಗೆ ಕಟ್ಟಿ ಹೋಗೋಣವೆಂದರೆ ಆ ಮನೆತನದ ಗಂಡಸರೇ ಆಗಬೇಕು. ಇದ್ದವರು ಅವನ ಅಣ್ಣನ ಮಕ್ಕಳು, ಎಲ್ಲರಿಗಿಂತ ದೊಡ್ಡ ಕುರಿ ಹಿಂಡು ಅವರದೇ.

ಅವರಲ್ಲಿ ಹಿರಿಯವನು ಆಗಲೇ ಬಂದು ಬೇವಿನ ಮರದ ಕೆಳಗೆ ಬೈಕಿನ ಮೇಲೆ ಕೂತಿದ್ದ. ಮೆಲ್ಲಗೆ, ಸಮಾಧಾನದ ದನಿಯಲ್ಲಿ, "ಕಾಕಾ, ಬಿಚ್ಚಿಬಿಡು. ಜೀವ ದೊಡ್ಡದು," ಎಂದ.

"ಯಾರ ಜೀವಲೇ?" ಎಂದ ಪೂಜಾರಪ್ಪ. "ನಂದೋ, ನಿನ್ನ ಕುರೀದೋ?"

ಹುಡುಗನೇನಲ್ಲ ಅವನು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು. ಸಿಟ್ಟು ಬಂದರೂ ನುಂಗಿಕೊಂಡ. "ಎರಡೂ ಅಂತ ತಿಳ್ಕೊ. ನಿನ್ನಿ ಒಂದು ಕುರಿ ಕೊಯ್ದಾಗ ಹೊಟ್ಟಿಯಾಗ ಏನು ಬಂತು ಗೊತ್ತೇನು? ಪ್ಲಾಸ್ಟಿಕ್ ಚೀಲ. ಗುಟ್ಕಾ ಚೀಟಿ. ಕಣ್ಮುಂದ ಹುಲ್ಲು ಇಟ್ಕೊಂಡು ಚೀಟಿ ತಿನ್ನಸಾಕತ್ತೀವಿ ನಾವು. ದೇವ್ರಿಗೆ ಇದು ಛಂದ ಕಾಣತೈತೇನು?"

ನನ್ನ ಭಾಷಣಗಳಲ್ಲಿ ಎಂದೂ ಒಬ್ಬ ಕುರಿಗಾಹಿ ಎದ್ದು ಹೀಗೆ ಕೇಳಿರಲಿಲ್ಲ. ಫ್ರಾಂಕ್ಲಿ, ಅವನ ಮಾತು ನ್ಯಾಯವಾಗಿಯೇ ಇತ್ತು.

ಮಗಳು ಅಪ್ಪನ ಕಾಲಿಗೆ ಮತ್ತೆ ಬಟ್ಟೆ ಸುತ್ತುತ್ತಿದ್ದಳು. ಸುತ್ತುತ್ತ ಸುತ್ತುತ್ತ ಅವಳ ಕೈ ನಿಂತಿತು. ಇಷ್ಟು ಹೊತ್ತು ಆಡುತ್ತಿದ್ದ ತೆಲಿಗಿಯ ಮಾತು ಹೋಗಿ ತವರಿನ ಮಾತೇ ಬಂತು. "ಯಪ್ಪಾ, ಹುಲ್ಲು ಮತ್ತ ಹುಟ್ಟತೈತಿ. ನೀ ಮತ್ತ ಹುಟ್ಟತೀಯೇನು? ಅವ್ವ ಹೋದಾಗ್ಲೂ ನೀ ಗುಡ್ಡ ಸುತ್ತಾಕ ಹೋಗಿದ್ದಿ. ನಂಗ ಹೆರಿಗಿ ಆದಾಗ್ಲೂ ಸೀಮಿ ದಾಟಲಿಲ್ಲ, ಮಗೀನ ಮುಖ ನೋಡಿದ್ದು ಮಾನೌಮಿ ಆದಮ್ಯಾಗ. ನಾ ಏನಾರ ಅಂದೀನೇನು? ಈಗ ಅಂತೀನಿ. ನಂಗ ನೀ ಬೇಕು."

ಅವನು ಗುಡ್ಡದ ಕಡೆ ನೋಡುತ್ತ ಕೂತ. ಆಗ ನಾನು ಮಾತಾಡಿದೆ. ಅದಕ್ಕೇ ತಾನೆ ನನ್ನನ್ನು ಕರೆಸಿದ್ದು.

"ಪೂಜಾರಪ್ಪ, ಕಾಲು ಕೇಳೋ ದೇವರಾ ನಿಮ್ಮ ಗುಡ್ಡದಯ್ಯ?"

"ಅಂವ ಎಲ್ಲಿ ಕೇಳ್ಯಾನ್ರಿ ಅಕ್ಕಾರ? ಅಂವ ಏನೂ ಕೇಳಿಲ್ಲ. ಕಾಯ್ತೀನಿ ಅಂದಿದ್ದು ನಾನು."

"ಸತ್ತರ ಹೆಂಗ ಕಾಯ್ತಿ?"

ಅವನು ಕೈಯ ಉಣ್ಣೆ ದಾರವನ್ನು ಬೆರಳಿನಿಂದ ತಿರುಗಿಸುತ್ತ, "ಆತು. ಹೂವ ಕೇಳೋಣು," ಎಂದ.

ಹೂ ಕೇಳುವುದೆಂದರೆ ದೇವರ ಅಪ್ಪಣೆ ಕೇಳುವುದು. ಕಲ್ಲಿಗೆ ನೀರು ಹಚ್ಚಿ, ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸಿ, ಕೇಳಬೇಕಾದ್ದನ್ನು ಎಲ್ಲರಿಗೂ ಕೇಳುವಂತೆ ಕೇಳಿ ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ. ಎಡಗಡೆಯದು ಬಿದ್ದರೆ ಬೇಡ. ನೆತ್ತಿಗೆ ಹತ್ತಲು ಅವನಿಗೆ ಆಗುತ್ತಿರಲಿಲ್ಲ, ಆದ್ದರಿಂದ ಗುಡ್ಡದ ಬುಡದ ಕಂಕಣ ಕಟ್ಟಿದ ಕಲ್ಲಿನ ಮುಂದೆಯೇ ಕೇಳುವುದೆಂದಾಯಿತು. ಅಣ್ಣನ ಮಗನೇ ಅವನನ್ನು ಹೆಗಲ ಮೇಲೆ ಹೊತ್ತು ತಂದ. ಸುದ್ದಿ ಹೋಗಿ ಊರೆಲ್ಲ ಸೇರಿತ್ತು.

ಅಲ್ಲಿ ನಿಂತವರೆಲ್ಲರಿಗೂ ಬಲಗಡೆಯ ಹೂವೇ ಬೇಕಿತ್ತು. ಮಗಳಿಗೆ ಅಪ್ಪ ಬೇಕು. ಕುರಿಯವರಿಗೆ ಹುಲ್ಲು ಬೇಕು. ನನಗೆ ಅವನು ಬದುಕಬೇಕು, ಬೇಗ ಕಾರು ಹತ್ತಬೇಕು. ಎಡಗಡೆಯದು ಬೀಳಲಿ ಎಂದುಕೊಂಡವನು ಅವನೊಬ್ಬನೇ ಇರಬಹುದು, ಅದನ್ನೂ ನಾನು ಖಚಿತವಾಗಿ ಹೇಳಲಾರೆ. ಕಣಗಿಲೆಯ ಎಸಳು ಅಂಟಿಸಿ, ನೆಲಕ್ಕೆ ಕೂತು, ಕೈ ಜೋಡಿಸಿ, ಗಟ್ಟಿ ದನಿಯಲ್ಲಿ ಕೇಳಿದ:

"ಯಪ್ಪಾ ಗುಡ್ಡದಯ್ಯ, ನನ್ನ ಕೈಯಾಗಿಂದು ಬಿಚ್ಚಲೇನು? ಬಿಚ್ಚು ಅಂದ್ರ ಬಲಕ್ಕ ಕೊಡು. ಬ್ಯಾಡಂದ್ರ ಎಡಕ್ಕ ಕೊಡು."

ಹೂ ಬೀಳಲಿಲ್ಲ. ಬಿಸಿಲು ಸುಡುತ್ತಿತ್ತು. ಯಾವುದೋ ಕುರಿ ಕೆಮ್ಮಿತು. ಯಾರದೋ ಜೇಬಿನಲ್ಲಿ ಮೊಬೈಲು ಸಿನಿಮಾ ಹಾಡು ಹಾಡತೊಡಗಿ, ಆ ಮನುಷ್ಯ ಅದನ್ನು ಆರಿಸಲು ಬಾರದೆ ಅಂಗಿಯೊಳಗೆ ಅದುಮಿ ಹಿಡಿದ. "ದೇವ್ರಾದ್ರೇನು, ವಿಚಾರ ಮಾಡಾಕ ಹೊತ್ತು ಬೇಕಲ್ಲವ್ವಾ," ಎಂದಳು ಎದುರು ಮನೆಯ ಮುದುಕಿ, ಈ ಸಲ ನಗದೆ. ಮಗಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಚರ್ಮಕ್ಕೆ ಒತ್ತುತ್ತಿತ್ತು. ನನಗೆ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಕಾನ್ವೆಂಟಿನ ಬೆಳಗಿನ ಪ್ರೇಯರು. ಮನಸ್ಸಿನಲ್ಲೇ ಹೇಳಿಕೊಂಡೆ. ಗುಡ್ಡದಯ್ಯನಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ಯೋಚಿಸಲಿಲ್ಲ.

ಬಲಗಡೆಯ ಎಸಳು ಜಾರಿತು. ಜಾರಿ ಅಲ್ಲೇ ತಡೆದು, ಮತ್ತೆ ಜಾರಿ ಬಿತ್ತು.

ಜನ ಕೂಗಿದರು. ಕಂಕಣಕ್ಕೆ ಕಬ್ಬಿಣ ಮುಟ್ಟಿಸುವಂತಿಲ್ಲ, ಆದ್ದರಿಂದ ಅವನು ಉಣ್ಣೆ ದಾರವನ್ನು ಹಲ್ಲಿನಿಂದ ಕಡಿದು, ಎಲೆಯ ಮೇಲಿಟ್ಟು, ಎಲ್ಲರ ಕಡೆ ತಿರುಗಿದ.

"ಎಲ್ಲಾರೂ ಕೇಳಿದಿರಿಲ್ಲೋ? ನಾ ಕೇಳಿದ್ದು ಕೈಯಾಗಿಂದು ಅಷ್ಟ. ಕಲ್ಲಿಂದು ಕೇಳಿಲ್ಲ, ಬಿಚ್ಚಿಲ್ಲ. ಗುಡ್ಡ ಕಟ್ಟೇ ಐತಿ. ತಿಳೀತಾ?"

ಎಲ್ಲರೂ ತಲೆಯಾಡಿಸಿದರು. ಅಣ್ಣನ ಮಗ ಎಲ್ಲರಿಗಿಂತ ಮೊದಲು ಆಡಿಸಿದ. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಎಂಥ ಲಾಯರ್ ಬುದ್ಧಿ ಈ ಮುದುಕನದು ಎಂದುಕೊಂಡೆ. ಎರಡು ಕಂಕಣಗಳನ್ನು ಹಿಂದೆ ಯಾರೂ ಬೇರೆ ಬೇರೆ ಮಾಡಿರಲಿಲ್ಲ, ಒಂದು ಬಿಚ್ಚಿದರೆ ಇನ್ನೊಂದೂ ಬಿಚ್ಚಿದಂತೆಯೇ. ಇವನು ದೇವರ ಮುಂದೆಯೇ ಬೇರೆ ಮಾಡಿ, ತಾನೂ ಉಳಿದು ಗುಡ್ಡವನ್ನೂ ಉಳಿಸಿಬಿಟ್ಟ. ಕಾರು ಸೀಮೆಗಲ್ಲು ದಾಟುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಕೂಡ್ಲಿಗಿ ಬಂದ ಮೇಲೆ ಕಣ್ಣು ಬಿಟ್ಟು, "ಅಕ್ಕಾರ, ಒಂದು ಚಾ ಕುಡಿಯೋಣೇನ್ರಿ? ಮನ್ಯಾಗಿನ ಚಾ ಕುಡುದು ಕುಡುದು ಸಾಕಾಗೈತಿ," ಎಂದ. ಸಕ್ಕರೆ ಹಾಕಬೇಡ ಎಂದು ಹೋಟೆಲಿನವನಿಗೆ ನಾನು ಕೂಗಿ ಹೇಳಬೇಕಾಯಿತು.

ಬಳ್ಳಾರಿಯಲ್ಲಿ ಎರಡು ಬೆರಳು ತೆಗೆದರು. ಕಾಲು ಉಳಿಯಿತು. ಆಪರೇಷನ್ ಆದ ಮರುದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗಳು ನನಗೆ ತನ್ನ ಮೊಬೈಲು ಕೊಟ್ಟಳು. ಊರಿನಿಂದ ಯಾರೋ ವಿಡಿಯೋ ಕಳಿಸಿದ್ದರು. ಗುಡ್ಡದ ಮೈಯೆಲ್ಲ ಕುರಿ. ಬುಡದಿಂದ ನೆತ್ತಿಯವರೆಗೆ ಬರೀ ಬೆನ್ನುಗಳು, ಹುಲ್ಲು ಎಲ್ಲಿದೆ ಎಂದು ಹುಡುಕಬೇಕು. ವಿಡಿಯೋ ತೆಗೆದವನು ಖುಷಿಯಲ್ಲಿ ಸಿಳ್ಳೆ ಹಾಕುತ್ತಿದ್ದ.

"ಅಪ್ಪಗೆ ತೋರಿಸ್ಬೇಡ್ರಿ," ಎಂದಳು.

ತೋರಿಸಲಿಲ್ಲ. ಅವನು ದಿನಾ ಕೇಳುತ್ತಿದ್ದ, ಊರ ಕಡೆ ಮಳೆ ಆಯಿತಂತಾ ಎಂದು. ಆಯಿತಂತೆ ಎನ್ನುತ್ತಿದ್ದೆವು. ಅದೇನೂ ಸುಳ್ಳಲ್ಲ, ಆ ವಾರ ಮಳೆ ಬಂದಿತ್ತು.

ನಾನು ಮುಂದಾಗಿ ಊರಿಗೆ ಹೋಗಿ ಅಣ್ಣನ ಮಗನನ್ನು ಹಿಡಿದು ಕೇಳಿದೆ. ಸಿಟ್ಟಿನಲ್ಲಿ ಇಂಗ್ಲಿಷೇ ಬಂದುಬಿಟ್ಟಿತು ಬಾಯಲ್ಲಿ, 'ಶೇಮ್ ಆನ್ ಯು' ಎಂದೆ. ಅವನು ತಲೆ ತಗ್ಗಿಸಲಿಲ್ಲ, ಎದುರೂ ಆಡಲಿಲ್ಲ. ನನ್ನನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದ.

"ಯಾರೂ ಬಿಚ್ಚಿಲ್ಲ ನೋಡ್ರಿ ಅಕ್ಕಾರ. ದಾರ ಹಂಗ ಐತಿ."

ಹೌದು, ಹಾಗೆಯೇ ಇತ್ತು. ಗಂಟು ಸಹ ಸಡಿಲಾಗಿರಲಿಲ್ಲ. ಅದರ ಎರಡೂ ಬದಿಗೆ ನೆಲ ಕುರಿಯ ಗೊರಸಿನಿಂದ ಅರೆದು ಹೋಗಿತ್ತು.

"ಮತ್ತ ಕುರಿ ಹೆಂಗ ಹತ್ತಿದುವು?"

"ಮೊದ್ಲು ಯಾರು ಬಿಟ್ರೋ ಗೊತ್ತಿಲ್ರಿ. ಒಬ್ಬಂದು ಹತ್ತಿದಮ್ಯಾಗ ಉಳಿದೋರು ಬಾಯಿ ನೋಡ್ಕೊಂತ ಕುಂದ್ರಾಕಾಗತೈತೇನ್ರಿ? ಕಾಕಾ ಇದ್ದಿದ್ರ ಆ ಮಾತು ಬ್ಯಾರೆ."

ಎಷ್ಟೋ ರಾತ್ರಿ ಇದನ್ನು ಯೋಚಿಸಿದ್ದೇನೆ. ಬಿಚ್ಚಿದ್ದರೆ, ಹರಿದಿದ್ದರೆ, ಪಾಪ ಎಂದು ಯಾರಾದರೂ ಹೆದರುತ್ತಿದ್ದರು, ದಂಡ ಹಾಕುತ್ತಿದ್ದರು, ತಪ್ಪು ಕಾಣಿಕೆ ಇಟ್ಟು ಸರಿ ಮಾಡಿಕೊಳ್ಳುತ್ತಿದ್ದರು. ಅವರು ದಾರವನ್ನು ಮುಟ್ಟದೆ ಪಕ್ಕದಿಂದ ಹೋದರು. ದೇವರ ಭಯ ಇತ್ತು, ಇರಲಿಲ್ಲ ಎನ್ನಲಾರೆ. ಆ ಭಯಕ್ಕೆ ದಾರವನ್ನು ಕಾಪಾಡುವಷ್ಟು ಶಕ್ತಿ ಇತ್ತು. ಗುಡ್ಡವನ್ನು ಕಾಪಾಡುತ್ತಿದ್ದದ್ದು ಸಂಜೆ ಸಂಜೆ ಆ ದಾರಿಯಲ್ಲಿ ನಡೆಯುತ್ತಿದ್ದ ಒಬ್ಬ ಮನುಷ್ಯ, ಯಾರ ಮುಖಕ್ಕೂ ಮುಲಾಜಿಲ್ಲದೆ ನಿಲ್ಲುತ್ತಿದ್ದವನು. ನನ್ನ ಭಾಷಣದಲ್ಲಿ ದೇವರಿದ್ದ, ಹುಲ್ಲಿತ್ತು, ಹಿರಿಯರಿದ್ದರು. ಅವನ ಹೆಂಡತಿ ಸಾಯುವಾಗ ಅವನು ಎಲ್ಲಿದ್ದ ಎಂಬುದು ಇರಲಿಲ್ಲ.

ಮಾನೌಮಿಗೆ ಅವನು ಊರಲ್ಲಿದ್ದ. ಕೋಲು ಊರಿಕೊಂಡು ಕಲ್ಲಿನವರೆಗೆ ಬಂದ. ಯಾರೂ ಅವನಿಗೆ ಮೊದಲೇ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಮನೆಯ ಕಟ್ಟೆಯಿಂದಲೇ ಗುಡ್ಡ ಕಾಣುತ್ತದೆ. ದೇವರಿಗೆ ಇಡಲು ಗುಡ್ಡದ ಮೊದಲ ಹಿಡಿ ಹುಲ್ಲು ಬೇಕು. ಗುಡ್ಡದಲ್ಲಿ ಹುಲ್ಲಿರಲಿಲ್ಲ. ಯಾರೋ ಓಡಿಹೋಗಿ ಹೊಲದಿಂದ ಮೆಕ್ಕೆಜೋಳದ ಹಸಿ ಸೊಪ್ಪೆ ತಂದರು. ಅವನು ಅದನ್ನು ಕೈಯಲ್ಲಿ ತೆಗೆದುಕೊಂಡು ಒಂದು ಗಳಿಗೆ ನೋಡಿ, ತಂದವನಿಗೇ ವಾಪಸು ಕೊಟ್ಟ. ಬೈಯಲಿಲ್ಲ. ಅಣ್ಣನ ಮಗ ಕಾಲಿಗೆ ಬಿದ್ದ, ಪೂಜಾರಪ್ಪ ಅವನ ತಲೆಯ ಮೇಲೆ ಕೈಯಿಟ್ಟ. ಹುಲ್ಲಿಡದೆ ಬಿಚ್ಚುವಂತಿಲ್ಲ, ಆದ್ದರಿಂದ ಕಲ್ಲಿನ ಕಂಕಣ ಆ ವರ್ಷ ಬಿಚ್ಚಲಿಲ್ಲ.

ಮರು ವರ್ಷ ಕಾರಹುಣ್ಣಿಮೆಗೆ ಮುನ್ನ ನಾನೇ ಹೋಗಿ ಕೇಳಿದೆ. "ಈ ಸಲ ಕಟ್ಟು ಪೂಜಾರಪ್ಪ. ಚಪ್ಪಲಿ ಹಾಕಿಕೊಂಡೇ ತಿರುಗು, ಆ ರೂಲ್ ಬಿಡು. ದೇವರ ಜೊತೆ ನಾನು ಮಾತಾಡ್ತೀನಿ."

"ಕಟ್ಟಿದ ಕಲ್ಲಿಗೆ ಮತ್ತ ಹೆಂಗ ಕಟ್ಲಿ ಅಕ್ಕಾರ? ಮೊದ್ಲಿಂದು ಬಿಚ್ಚಿಲ್ಲಲ್ಲ," ಎಂದ. ಹಟದಿಂದ ಹೇಳಿದ್ದಲ್ಲ. ಬಸ್ಸು ಹೋಯಿತು ಎಂದು ಹೇಳಿದಂತೆ ಹೇಳಿದ. ಬೇರೆ ಯಾರೂ ಮುಂದೆ ಬರಲಿಲ್ಲ. ಆ ಮಳೆಗಾಲದಲ್ಲಿ ಉಣ್ಣೆ ದಾರ ಮಳೆಗೆ ನೆನೆದು, ಗಾಳಿಗೆ ಒಣಗಿ, ಯಾವಾಗಲೋ ಉದುರಿ ಹೋಯಿತು. ಆಡು ತಿಂದಿತು ಎನ್ನುವವರೂ ಇದ್ದಾರೆ. ಆಮೇಲೆ ಅಲ್ಲೊಂದು ಸಸಿ ನೆಡುವ ಕಾರ್ಯಕ್ರಮವಾಯಿತು, ಶಾಮಿಯಾನ, ಬ್ಯಾನರು, ನೀರಿನ ಬಾಟಲಿ. ನನ್ನನ್ನು ಚೀಫ್ ಗೆಸ್ಟ್ ಎಂದು ಕರೆದರು. ಮೊಣಕಾಲು ನೋವು ಎಂದೆ.

ಸತ್ತರೆ ಹೇಗೆ ಕಾಯುತ್ತೀ ಎಂದ ಅವತ್ತಿನ ಮಾತನ್ನೇ ನಾನು ಇವತ್ತಾದರೂ ಆಡುತ್ತೇನೆ. ಕಪ್ಪಾದ ಆ ಬೆರಳುಗಳನ್ನು ಎದುರಿಗೆ ಇಟ್ಟುಕೊಂಡು ಬೇರೆ ಏನನ್ನು ಹೇಳಲಿ? ಅವನಿಗೂ ಅದರ ಬಗ್ಗೆ ಬೇಸರ ಇದ್ದಂತೆ ಕಾಣಲಿಲ್ಲ. ಕಸಿವಿಸಿ ಇರುವುದು ನನಗೆ. ಈಗ ಆ ಕಡೆ ಹೋದಾಗ ಕಾರಿನ ಕಿಟಕಿಯಿಂದ ಗುಡ್ಡ ನೋಡುವುದಿಲ್ಲ. ಮಳ್ಳಿಯಂತೆ ಮೊಬೈಲು ತೆಗೆದು ಏನೋ ನೋಡುತ್ತೇನೆ.

ಅವನನ್ನು ಕೊನೆಯ ಸಲ ನೋಡಿದ್ದು ಒಂದು ಬೇಸಿಗೆಯಲ್ಲಿ, ಹಗರಿಬೊಮ್ಮನಹಳ್ಳಿಯ ಪಶು ಆಹಾರದ ಅಂಗಡಿಯ ಮುಂದೆ. ನಾನು ಔಷಧಿ ತೆಗೆದುಕೊಂಡು ರಿಕ್ಷಾ ಕಾಯುತ್ತಿದ್ದೆ. ಅವನು ಗೂಡ್ಸ್ ಆಟೊದಲ್ಲಿ ಹಿಂಡಿಯ ಚೀಲ ಹಾಕಿಸುತ್ತಿದ್ದ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಮೈ ತುಂಬಿಕೊಂಡಿದ್ದ, ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ.

"ಅಕ್ಕಾರ! ನೋಡ್ರಿ, ನಂಗ ಎಷ್ಟು ಮೈ ಬಂದೈತಿ. ಮಗಳು ತೆಲಿಗಿಗೆ ಕರ್ಕೊಂಡು ಹೋಗಿ ತಿಂಗಳಗಟ್ಲೆ ಇಟ್ಕೊಂತಾಳ. ಮೊಮ್ಮಗ ನನ್ನ ಬಿಟ್ಟು ಉಣ್ಣಂಗಿಲ್ಲ."

"ಶುಗರ್ ಹೆಂಗೈತಿ?"

"ಅದೂ ಐತಿ ನನ್ನ ಜೋಡಿ. ಎಲ್ಲಿ ಹೋಗತೈತಿ?"

ಚೀಲದ ಮೇಲೆ ಚೀಲ ಬಿತ್ತು. ಇದೆಲ್ಲ ಯಾರಿಗೆ ಎಂದೆ. ಊರಿನ ಕುರಿಗಳಿಗೆ, ಅಣ್ಣನ ಮಕ್ಕಳು ಕಳಿಸಿದ್ದಾರೆ ಎಂದ. ಬೇಸಿಗೆಯಲ್ಲಿ ಈಗ ಹೀಗೆ ಕೊಂಡು ಹಾಕಬೇಕು, ಕೆಲವರು ಕುರಿ ಮಾರಿಯೇಬಿಟ್ಟರು ಎಂದ. ನಾನು ಕೇಳಬಾರದೆಂದುಕೊಂಡೇ ಕೇಳಿದೆ.

"ಗುಡ್ಡದ ಕಡೆ ಹೋಗಿದ್ದೆಯೇನು?"

"ಹೋಗಬೌದ್ರಿ. ಈಗ ಯಾವಾಗ ಬೇಕಾದ್ರೂ ಹೋಗಬೌದಲ್ಲ," ಎಂದ.

ಆಟೊದವನು ಹಾರ್ನ್ ಹಾಕಿದ. ಪೂಜಾರಪ್ಪ ಒಂದು ಕೈಯಿಂದ ಕಂಬಿ ಹಿಡಿದು, ಮೂರು ಬೆರಳಿನ ಕಾಲನ್ನು ಎಚ್ಚರಿಕೆಯಿಂದ ಎತ್ತಿಟ್ಟು, ಚೀಲಗಳ ಮೇಲೆ ಹತ್ತಿ ಕೂತ. ಅಲ್ಲಿಂದ ಬಗ್ಗಿ, "ಬಿಸಿಲಾಗ ನಿಂದ್ರಬ್ಯಾಡ್ರಿ ಅಕ್ಕಾರ, ನೆರಳಿಗೆ ಹೋಗ್ರಿ," ಎಂದ. ಆಟೊ ಕೊಟ್ಟೂರಿನ ರಸ್ತೆಗೆ ತಿರುಗಿತು.